ಪ್ಲಗ್ ಹಾಕುವಾಗ ಕಿಡಿ ಬಂದರೂ ಎಂಸಿಬಿ ಬೀಳದಿದ್ದರೆ ಭಯವಿಲ್ಲವೇ?

ಗಣೇಶ ಚೌತಿ, ದೀಪಾವಳಿ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅನೇಕ ಮನೆಗಳಲ್ಲಿ ಹೋಲ್ಡರ್, ವೈರ್, ಪ್ಲಗ್ ತಂದು ತಾವೇ ಲೈಟ್ ಜೋಡಿಸಿಕೊಳ್ಳುತ್ತಾರೆ. ಪ್ಲಗ್ ಹಾಕಿದಾಗ ‘ಚಟ್’ ಎಂದು ಕಿಡಿ ಹಾರಿದರೆ ಬರುವ ಸಲಹೆ ಒಂದೇ: “ಎಂಸಿಬಿ ಬಿದ್ದಿಲ್ಲವಲ್ಲ, ಏನೂ ಆಗಲ್ಲ.” ಈ ಮಾತು ಎಷ್ಟು ನಿಜ? ನೋಡೋಣ.

ಎಲ್ಲ ಕಿಡಿಯೂ ಅಪಾಯವೇ?

ಇಲ್ಲ. ನಮ್ಮ ಮನೆಗೆ ಬರುವುದು 230 ವೋಲ್ಟ್ ವಿದ್ಯುತ್. ಸಾಕೆಟ್‌ನ ಸ್ವಿಚ್ ಆನ್ ಇರುವಾಗಲೇ ಪ್ಲಗ್ ತೂರಿಸಿದರೆ, ಪಿನ್ ತಗಲುವ ಕ್ಷಣದಲ್ಲೇ ಕರೆಂಟ್ ಹರಿಯತೊಡಗುತ್ತದೆ. ಎಲ್‌ಇಡಿ ಲೈಟ್‌ನ ಒಳಗಿನ ಕೆಪಾಸಿಟರ್ ಆ ಕ್ಷಣ ಹೆಚ್ಚು ಕರೆಂಟ್ ಎಳೆಯುತ್ತದೆ. ಹಾಗಾಗಿ ಒಮ್ಮೆ ಸಣ್ಣ ನೀಲಿ ಕಿಡಿ ಕಾಣಬಹುದು. ಸ್ವಿಚ್ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿದರೆ ಇದು ನಿಲ್ಲುತ್ತದೆ.

ಹಾಗೆ ಮಾಡಿದರೂ ಕಿಡಿ ಬಂದರೆ, ಚಟಪಟ ಸದ್ದು ಮುಂದುವರಿದರೆ, ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಸಾಕೆಟ್ ಕಪ್ಪಾಗಿದ್ದರೆ ಅದು ದೋಷವೇ.

ಎಂಸಿಬಿ ಏಕೆ ಬೀಳುವುದಿಲ್ಲ?

ಎಂಸಿಬಿ ನೋಡುವುದು ಕರೆಂಟ್ ಮಿತಿ ಮೀರಿತೇ ಎಂಬುದನ್ನು ಮಾತ್ರ. ಫೇಸ್ ಮತ್ತು ನ್ಯೂಟ್ರಲ್ ವೈರ್ ನೇರವಾಗಿ ತಗುಲಿ ಶಾರ್ಟ್ ಆದರೆ ಅದು ಬೀಳುತ್ತದೆ. ಆದರೆ ಸ್ಕ್ರೂ ಸಡಿಲವಾಗಿದ್ದರೆ, ಸಾಕೆಟ್ ಹಿಡಿತ ಕಳೆದುಕೊಂಡಿದ್ದರೆ ಕರೆಂಟ್ ಹೆಚ್ಚಾಗುವುದೇ ಇಲ್ಲ. ಲೈಟ್ ಎಳೆಯುವಷ್ಟೇ ಕರೆಂಟ್ ಆ ಸಡಿಲ ಜಾಗದಲ್ಲಿ ಕಿಡಿಯಾಗಿ ಹಾರುತ್ತ ಪ್ಲಾಸ್ಟಿಕ್ ಸುಡುತ್ತದೆ. ಎಂಸಿಬಿಗೆ ಅದು ಗೊತ್ತಾಗುವುದಿಲ್ಲ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಶಾಕ್‌ನಿಂದ ಜೀವ ಉಳಿಸುತ್ತದೆ ನಿಜ, ಆದರೆ ಕರೆಂಟ್ ಭೂಮಿಗೆ ಸೋರದಿದ್ದರೆ ಅದೂ ಸುಮ್ಮನಿರುತ್ತದೆ.

ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡ ಆಂಪಿಯರ್‌ನದನ್ನು ಹಾಕಿಸುವುದು ಇನ್ನೂ ದೊಡ್ಡ ತಪ್ಪು. ಆಗ ಎಂಸಿಬಿ ಬೀಳುವ ಮೊದಲೇ ವೈರ್ ಸುಡಬಹುದು.

ನಮ್ಮ ಭಾಗದಲ್ಲಿ ಹೆಚ್ಚಿನ ಎಚ್ಚರ ಏಕೆ?

ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗ ಇರುವ ಕಡೆ ಹತ್ತಿಯ ಧೂಳು ಬೋರ್ಡ್ ಮೇಲೆ ಕೂರುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಇನ್ನು 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಪ್ರವಾಹ ಜಮಖಂಡಿ, ಮುಧೋಳ ಭಾಗದ ಊರುಗಳಿಗೆ ನುಗ್ಗಿತ್ತು. ನೀರು ಕುಡಿದ ಸಾಕೆಟ್ ಒಣಗಿದ ಮೇಲೂ ಒಳಗೆ ತುಕ್ಕು ಹಿಡಿದು ಸಡಿಲವಾಗಿರಬಹುದು. ಅಂಥದ್ದನ್ನು ಬದಲಿಸುವುದೇ ಸರಿ.

ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ?

1. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ಸಾಕೆಟ್ ಸುಟ್ಟಿದ್ದರೆ ಮತ್ತೆ ಬಳಸಬೇಡಿ.

2. ಸುಟ್ಟ ಗುರುತು ಇಲ್ಲದಿದ್ದರೆ ಮೇನ್ ಆನ್ ಮಾಡಿ, ಸಾಕೆಟ್ ಸ್ವಿಚ್ ಆಫ್ ಇಟ್ಟು, ಸರಿಯಾಗಿರುವ ಬೇರೆ ಉಪಕರಣದ ಪ್ಲಗ್ ಹಾಕಿ ನೋಡಿ. ಅದಕ್ಕೂ ಕಿಡಿ ಬಂದರೆ ದೋಷ ಸಾಕೆಟ್‌ನದು. ಬಾರದಿದ್ದರೆ ನೀವು ಜೋಡಿಸಿದ ಲೈಟ್‌ನಲ್ಲಿ ಹುಡುಕಿ.

3. ಲೈಟ್‌ನ ಪ್ಲಗ್ ಹೊರಗಿರುವಾಗಲೇ ಪ್ಲಗ್ ಮತ್ತು ಹೋಲ್ಡರ್ ಬಿಚ್ಚಿ. ತಾಮ್ರದ ಎಳೆಯೊಂದು ಪಕ್ಕದ ಸ್ಕ್ರೂಗೆ ತಾಗಿದೆಯೇ, ಸ್ಕ್ರೂ ಬಿಗಿಯಾಗಿದೆಯೇ, ವೈರ್‌ನ ಸಿಪ್ಪೆ ಹೆಚ್ಚು ಸುಲಿದಿದೆಯೇ ನೋಡಿ.

4. ಬಲ್ಬ್ ತೆಗೆದು, ಮಲ್ಟಿಮೀಟರ್‌ನಿಂದ ಪ್ಲಗ್‌ನ ಎರಡು ಸಣ್ಣ ಪಿನ್‌ಗಳ ನಡುವೆ ಪರೀಕ್ಷಿಸಿ. ‘ಬೀಪ್’ ಬಂದರೆ ಶಾರ್ಟ್ ಇದೆ. ಲೋಹದ ಲೈಟ್ ಆದರೆ ಮೇಲಿನ ದಪ್ಪ ಅರ್ಥಿಂಗ್ ಪಿನ್ ಮತ್ತು ಲೋಹದ ಮೈ ನಡುವೆ ‘ಬೀಪ್’ ಬರಲೇಬೇಕು.

ಲೋಹದ ಲೈಟ್‌ಗೆ ಎರಡು ಪಿನ್‌ನ ಪ್ಲಗ್ ಬೇಡ. ಬಲ್ಬ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಲೇಬೇಕು.

ಯಾರನ್ನು ಕರೆಯಬೇಕು?

ಕಂಬದ ಕಡೆಯ ತೊಂದರೆಗೆ ಹೆಸ್ಕಾಂ ಸಹಾಯವಾಣಿ 1912. ಮೀಟರ್‌ನಿಂದ ಒಳಗಿನ ವೈರಿಂಗ್ ಮನೆಯವರ ಹೊಣೆ, ಅದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ಬೋರ್ಡ್‌ಗೆ ಬೆಂಕಿ ತಗುಲಿದರೆ ನೀರು ಸುರಿಯಬೇಡಿ. ಕೈಗೆ ಸಿಗುವಂತಿದ್ದರೆ ಮೇನ್ ಆಫ್ ಮಾಡಿ, ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, “ಎಂಸಿಬಿ ಬೀಳದಿದ್ದರೆ ಭಯವಿಲ್ಲ” ಎಂಬುದು ತಪ್ಪು. ಇಂಥ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ನಿಮ್ಮ ಮನೆಯ ಸಾಕೆಟ್ ಒಮ್ಮೆ ನೋಡಿಕೊಳ್ಳಿ.