ಮಗುವಿನ ಮಾತಿಗೆ ಕಿವಿಗೊಡುವ ತರಬೇತಿ

ಬೆಂಗಳೂರಿನ ಕುಮಾರ ಪಾರ್ಕ್ ಪಶ್ಚಿಮದಿಂದ ಶೇಷಾದ್ರಿಪುರ ಠಾಣೆಗೆ ನಡೆದೇ ಹೋಗಬಹುದು. ಆದರೆ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿಗೆ ಯಾವ ಠಾಣೆಯ ಮೆಟ್ಟಿಲೂ ಎತ್ತರವೇ. ಅದಕ್ಕೇ 2012ರ ಪೋಕ್ಸೊ ಕಾಯ್ದೆ, ಪೊಲೀಸರೇ ಮಗುವಿನ ಮನೆಗೆ ಅಥವಾ ಅದು ಬಯಸಿದ ಜಾಗಕ್ಕೆ ಸಮವಸ್ತ್ರವಿಲ್ಲದೆ ಹೋಗಿ ಹೇಳಿಕೆ ಪಡೆಯಬೇಕು, ಸಾಧ್ಯವಾದಷ್ಟೂ ಎಸ್‌ಐ ಅಥವಾ ಮೇಲಿನ ದರ್ಜೆಯ ಮಹಿಳಾ ಅಧಿಕಾರಿ ಇರಬೇಕು ಎನ್ನುತ್ತದೆ. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತೆಯೇ ಇಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು 2015ರ ಬಾಲನ್ಯಾಯ ಕಾಯ್ದೆಯೂ ಹೇಳಿದೆ.

ಕಾನೂನಿನಲ್ಲಿ ಬರೆಯಲಾಗದ್ದು, ಕೇಳುವ ಬಗೆ. ದಿನಾಂಕ ನೆನಪಿಲ್ಲದ ಮಗು ಸುಳ್ಳಾಡುತ್ತಿದೆ ಎಂದಲ್ಲ. ‘ಆಮೇಲೆ ಏನಾಯ್ತು ಪುಟ್ಟಾ?’ ಎಂದು ಕೇಳಿ, ಉತ್ತರವನ್ನು ಬಾಯಿಗೆ ತುರುಕದೆ ಕಾಯಬೇಕು. ಇದು ಒಂದು ದಿನದ ಕಾರ್ಯಾಗಾರದಲ್ಲಿ ಬರುವ ವಿದ್ಯೆಯಲ್ಲ. ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರು ಇದೇ ಊರಿನಲ್ಲಿದ್ದಾರೆ. ಅವರಿಂದ ಠಾಣಾ ಸಿಬ್ಬಂದಿಗೆ, ವರ್ಗವಾಗಿ ಬರುವ ಹೊಸಬರಿಗೂ ಸೇರಿ, ಪ್ರತಿ ವರ್ಷ ತರಬೇತಿ ಕೊಡಿಸುವ ಹೊಣೆ ಗೃಹ ಇಲಾಖೆಯದು.