ಶ್ರೀಶೈಲ ಪಾದಯಾತ್ರೆ: ಹರಕೆಯೂ ಸಲ್ಲಲಿ, ಪಾದವೂ ಉಳಿಯಲಿ

ಮಹಾಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ಉತ್ತರ ಕರ್ನಾಟಕದ ಹಾದಿಗಳೆಲ್ಲ ಶ್ರೀಶೈಲದ ಕಡೆಗೆ ಮುಖ ಮಾಡುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಕಲಬುರಗಿ ಜಿಲ್ಲೆಗಳ ಊರೂರುಗಳಿಂದ ಕಂಬಿ ಹೊತ್ತ ಭಕ್ತರ ತಂಡಗಳು ಹೊರಡುತ್ತವೆ. ಭ್ರಮರಾಂಬೆಯನ್ನು ಮನೆಯ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಬಗೆದು ಸೀರೆ, ಕುಪ್ಪಸ, ಅರಿಷಿಣ, ಕುಂಕುಮಗಳನ್ನು ಒಯ್ಯುವ ನಮ್ಮ ತಾಯಂದಿರಿಗೆ ಇದು ದೇವರ ಹಾದಿಯೂ ಹೌದು, ಬೀಗರ ಮನೆಯ ಹಾದಿಯೂ ಹೌದು. ಹೊರಟ ಊರಿಗೆ ತಕ್ಕಂತೆ 300, 400 ಕಿಲೋಮೀಟರು, ಕೆಲವರಿಗೆ ಇನ್ನೂ ಹೆಚ್ಚು. ಈ ನಡಿಗೆಯ ಹಿಂದಿರುವ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಆ ಶ್ರದ್ಧೆಯ ಮೇಲಿನ ಗೌರವದಿಂದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ನೋವು ಹೆಚ್ಚಿದಷ್ಟೂ ಪುಣ್ಯ ಹೆಚ್ಚುತ್ತದೆ ಎಂಬ ಭಾವನೆ ಪಾದಯಾತ್ರಿಗಳಲ್ಲಿ ಬೇರೂರಿದೆ. ಬಿಸಿ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದವನು ಗಟ್ಟಿ ಭಕ್ತ, ನಡುವೆ ವಾಹನ ಏರಿದವನು ಹರಕೆಗೆ ಕುಂದು ತಂದವನು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರಿಗೆ ಇದು ಒಂದು ಗಳಿಗೆಯ ಮಾತು. ಕೇಳಿಸಿಕೊಂಡವನಿಗೆ ಅದರ ಬೆಲೆ ಕೆಲವೊಮ್ಮೆ ಒಂದು ಕಾಲು. ಶರೀರವನ್ನೇ ಶಿವನ ಆಲಯವೆಂದು ಬಗೆದ ಶರಣರ ಪರಂಪರೆಯಲ್ಲಿ ನಿಂತವರು ಆ ಆಲಯವನ್ನು ಕೆಡವಿಕೊಂಡು ಶಿವನನ್ನು ಕಾಣಹೋಗುವುದು ತರವಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೊದಲನೆಯದಾಗಿ ಮಧುಮೇಹಿಗಳ ವಿಚಾರ. ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದಗೊಳಿಸುತ್ತದೆ. ಮುಳ್ಳು ನೆಟ್ಟರೂ, ಚರ್ಮ ಸುಟ್ಟರೂ ಅರಿವಿಗೆ ಬಾರದು. ಆರೋಗ್ಯವಂತನ ಪಾದ ಬೊಬ್ಬೆ ಎದ್ದೊಡನೆ ನೋಯುತ್ತದೆ, ಅವನು ನಿಲ್ಲುತ್ತಾನೆ. ಮಧುಮೇಹಿಯ ಪಾದ ಆ ಎಚ್ಚರಿಕೆಯನ್ನು ಕೊಡದೆ ಮೌನವಾಗಿರುತ್ತದೆ, ಅವನು ಅದೇ ಗಾಯದ ಮೇಲೆ ಮತ್ತೆ ದಿನವಿಡೀ ನಡೆಯುತ್ತಾನೆ. ರಕ್ತಸಂಚಾರವೂ ಕುಂದಿದ್ದರೆ ಆ ಗಾಯ ಮಾಯದೆ, ಕೀವಾಗಿ, ಮೂಳೆಗೆ ಇಳಿದು, ಬೆರಳನ್ನೋ ಪಾದವನ್ನೋ ಕತ್ತರಿಸುವ ಹಂತಕ್ಕೆ ಬರಬಹುದು. ಕಾಲಲ್ಲಿ ಜೋಮು, ಇರುವೆ ಹರಿದಂತಹ ಅನುಭವ, ಚಪ್ಪಲಿ ಕಳಚಿ ಬಿದ್ದರೂ ತಿಳಿಯದಿರುವುದು ಇವೆಲ್ಲ ನರಗಳು ಸೋತಿರುವುದರ ಲಕ್ಷಣಗಳು. ಇಂಥವರು ಬರಿಗಾಲ ಹರಕೆಯನ್ನು ಹೊರಲೇಬಾರದು. ಹೊತ್ತಿದ್ದರೆ ಗುರುಹಿರಿಯರ ಸಮ್ಮುಖದಲ್ಲಿ ಅದನ್ನು ಜಪಕ್ಕೋ ದಾಸೋಹದ ಸೇವೆಗೋ ಬದಲಿಸಿಕೊಳ್ಳಬೇಕು. ಪಾದರಕ್ಷೆ ಬಿಡಲೇಬೇಕಾದ ದೇವಾಲಯದ ಪ್ರಾಂಗಣಕ್ಕೆ ಕಲ್ಲು ಕಾಯುವ ಮುನ್ನ, ನಸುಕಿನಲ್ಲಿಯೇ, ದಪ್ಪ ಹತ್ತಿಯ ಕಾಲುಚೀಲ ತೊಟ್ಟು ಹೋಗುವುದು ಲೇಸು. ಪ್ರತಿ ರಾತ್ರಿ ತಂಡದ ಇನ್ನೊಬ್ಬರು ಬ್ಯಾಟರಿ ಬೆಳಕಿನಲ್ಲಿ ಇವರ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಬೇಕು. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ; ಅದನ್ನು ವಾಹನದ ಡಿಕ್ಕಿಯಲ್ಲಿ ಇಡಕೂಡದು. ಹೆಚ್ಚು ನಡೆದಾಗ ಸಕ್ಕರೆಯ ಮಟ್ಟ ಹಠಾತ್ತನೆ ಕುಸಿಯುವುದೂ ಉಂಟು. ಔಷಧದ ಪ್ರಮಾಣವನ್ನು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಂಡು, ಜೇಬಿನಲ್ಲಿ ಸಕ್ಕರೆಯನ್ನೋ ಗ್ಲೂಕೋಸನ್ನೋ ಇಟ್ಟುಕೊಳ್ಳಬೇಕು.

ಎರಡನೆಯದು ನೋವಿನ ಮಾತ್ರೆ. ಮೂರನೆಯ ದಿನಕ್ಕೆ ಮೊಣಕಾಲು ಬಿಗಿದು, ಮೀನಖಂಡ ಕಲ್ಲಾದಾಗ ಯಾರೋ ಒಬ್ಬರು ಮಾತ್ರೆ ಹಂಚುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಿ ತಂಡ ಮುಂದೆ ಸಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಈ ಮಾತ್ರೆಗಳು ಬಿಸಿಲ ನಡಿಗೆಯಲ್ಲಿ ಅಪಾಯಕಾರಿ. ಬೆವರು ಸುರಿದು ದೇಹದ ನೀರು ತಗ್ಗಿದಾಗ ಮೂತ್ರಪಿಂಡಗಳಿಗೆ ಹರಿಯುವ ರಕ್ತವೂ ತಗ್ಗುತ್ತದೆ. ಆ ಕೊರತೆಯನ್ನು ಸರಿದೂಗಿಸಲು ದೇಹವು ಬಳಸುವ ರಾಸಾಯನಿಕಗಳನ್ನೇ ಈ ಮಾತ್ರೆಗಳು ತಡೆಯುತ್ತವೆ. ವಯಸ್ಸಾದವರಿಗೆ, ರಕ್ತದೊತ್ತಡದ ಔಷಧ ಸೇವಿಸುವವರಿಗೆ, ಮಧುಮೇಹಿಗಳಿಗೆ ಮೂತ್ರಪಿಂಡಗಳು ಕೈಕೊಡುವ ಭಯ ಇನ್ನೂ ಹೆಚ್ಚು. ಅಲ್ಲದೆ ನೋವೆಂಬುದು ದೇಹವು ಬೇಡುವ ವಿಶ್ರಾಂತಿ. ಅದರ ಬಾಯಿ ಮುಚ್ಚಿಸಿ ನಡೆದರೆ ಸಣ್ಣ ಉಳುಕು ದೊಡ್ಡ ಗಾಯವಾಗುತ್ತದೆ. ತಣ್ಣೀರ ಪಟ್ಟಿ, ಕಾಲನ್ನು ಎತ್ತರಕ್ಕೆ ಚಾಚಿ ಮಲಗುವುದು, ಒಂದು ದಿನದ ಬಿಡುವು ಇವೇ ಮೊದಲ ಚಿಕಿತ್ಸೆ. ಮಾತ್ರೆ ಬೇಕೇ ಬೇಕೆನಿಸಿದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಮಿತವಾಗಿ ಸಾಕು.

ಮೂರನೆಯದು ಬಿಸಿಲು. ಯುಗಾದಿಯ ಹೊತ್ತಿಗೆ ರಾಯಚೂರು, ಕರ್ನೂಲು ಸೀಮೆಯಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೆಳಗಿನ 4ರಿಂದ 9, ಸಂಜೆ 5ರಿಂದ 8 ನಡಿಗೆಯ ಹೊತ್ತಾಗಿರಲಿ. ನಡುಹಗಲು ನೆರಳಿಗೆ ಮೀಸಲಾಗಲಿ. ಬಾಯಾರುವ ತನಕ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ಸರಿಯಲ್ಲ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಉತ್ತಮ. 1 ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದರೆ ಮನೆಯ ಓಆರ್‌ಎಸ್ ಸಿದ್ಧ. ಮಧುಮೇಹಿಗಳು ಇದನ್ನು ವೈದ್ಯರ ಸಲಹೆಯಂತೆ ಬಳಸಲಿ. ಮೂತ್ರ ಕಡುಹಳದಿಯಾದರೆ ನೀರು ಸಾಲದೆಂದು ತಿಳಿಯಬೇಕು. ಯಾರಾದರೂ ತೊದಲಿದರೆ, ದಿಕ್ಕು ತಪ್ಪಿದಂತೆ ಮಾತನಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು.

ಇವಿಷ್ಟೂ ಹಾದಿಯ ಮಾತಾಯಿತು. ಯಾತ್ರೆ ಆರಂಭವಾಗುವುದು ಮಾತ್ರ ಮನೆಯ ಅಂಗಳದಿಂದ. ವರ್ಷವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತ ದೇಹವನ್ನು ಒಮ್ಮೆಲೇ ದಿನಕ್ಕೆ 30 ಕಿಲೋಮೀಟರು ನಡೆಸುವುದು ಅನ್ಯಾಯ. ಎರಡು ತಿಂಗಳು ಮುಂಚಿತವಾಗಿ ದಿನಕ್ಕೆ 3 ಕಿಲೋಮೀಟರಿನಿಂದ ಆರಂಭಿಸಿ ವಾರವಾರಕ್ಕೆ ಏರಿಸುತ್ತ ಹೋಗಬೇಕು. ಸತತ ಎರಡು ದಿನ 15 ಕಿಲೋಮೀಟರು ಆಯಾಸವಿಲ್ಲದೆ ನಡೆಯಲಾದರೆ ಹೊರಡಲು ಅಡ್ಡಿಯಿಲ್ಲ. ಯಾತ್ರೆಗೆಂದು ಹೊಸ ಪಾದರಕ್ಷೆ ಕೊಳ್ಳುವವರು ಅದನ್ನು ಈ ಅಭ್ಯಾಸದಲ್ಲಿಯೇ ಪಳಗಿಸಿಕೊಳ್ಳಲಿ. ಸಣ್ಣ ಬೊಬ್ಬೆಯನ್ನು ಒಡೆಯದೆ ಬಟ್ಟೆಯ ಪಟ್ಟಿ ಕಟ್ಟಬೇಕು. ತಾನಾಗಿ ಒಡೆದರೆ ಮೇಲಿನ ಚರ್ಮ ಕೀಳದೆ ತೊಳೆದು ಮುಚ್ಚಬೇಕು. ಕತ್ತಲಲ್ಲಿ ನಡೆಯುವಾಗ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಬಿಳಿಯ ಬಟ್ಟೆ ತೊಟ್ಟು, ಸಾಲಾಗಿ ನಡೆಯುವುದು ಜೀವ ಉಳಿಸುವ ಶಿಸ್ತು.

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲದ ಅರಣ್ಯ ಹೊಕ್ಕ ಮೇಲೆ ಹಾದಿಯ ಸ್ವಭಾವವೇ ಬದಲಾಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳನ್ನು ಹಾದು ಕೈಲಾಸ ದ್ವಾರಕ್ಕೆ ಏರುವ ಈ ಕಲ್ಲುದಾರಿಯಲ್ಲಿ ವಾಹನ ಬೆನ್ನಿಗಿರುವುದಿಲ್ಲ, ದೂರವಾಣಿಯನ್ನು ನಂಬುವಂತಿಲ್ಲ. ದಿನಗಟ್ಟಲೆ ನಡೆದು ಸೋತ ಕಾಲುಗಳಿಗೆ ಅತಿ ಕಡಿದಾದ ಏರಿಳಿತ ಎದುರಾಗುವುದು ಕಟ್ಟಕಡೆಯಲ್ಲಿ ಎಂಬುದನ್ನು ಮರೆಯಬಾರದು. ಎದೆನೋವು, ಉಬ್ಬಸ, ಜ್ವರ, ಕಾಲಿನ ಗಾಯ ಇರುವವರು ಅರಣ್ಯದ ಅಂಚಿನಲ್ಲಿಯೇ ನಿಂತು ಬಸ್ಸಿನ ಹಾದಿ ಹಿಡಿಯುವುದು ವಿವೇಕ. ಇದು ಹುಲಿಗಳ ನೆಲೆಯೂ ಆದ್ದರಿಂದ ಒಂಟಿಯಾಗಿ ನಡೆಯಕೂಡದು. ಪ್ಲಾಸ್ಟಿಕ್ಕನ್ನು ಬಿಸುಟು ಬರಕೂಡದು.

ಕೊನೆಯದಾಗಿ ತಂಡದ ಹಿರಿಯರಲ್ಲಿ ನಮ್ಮ ವಿನಂತಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗವಾಗಲಿ. ಹಿಂದುಳಿದವರೊಡನೆ ಒಬ್ಬರು ಸದಾ ಇರಲಿ. ವಾಹನ ಏರಿದವರನ್ನು ಹಂಗಿಸುವ ಮಾತು ತಂಡದಲ್ಲಿ ಕೇಳಬಾರದು. ಹಾದಿಯುದ್ದಕ್ಕೂ ಹೋಳಿಗೆ, ಮಜ್ಜಿಗೆ, ಹಣ್ಣು ಹಂಚುವ ದಾಸೋಹಿಗಳು ಜೊತೆಗೆ ಒಂದು ಬಕೆಟ್ ಶುದ್ಧ ನೀರು, ಸಾಬೂನು, ಶುಭ್ರವಾದ ಪಟ್ಟಿಯನ್ನು ಇಟ್ಟು ದಣಿದ ಕಾಲು ತೊಳೆದು ನೋಡಲಿ. ಯಾತ್ರಿಕನ ಪಾದ ತೊಳೆಯುವುದು ನಮ್ಮಲ್ಲಿ ಹಳೆಯ ಸೇವೆ. ಹಾಗೆ ತೊಳೆಯುವಾಗ ಕಣ್ಣಿಗೆ ಬೀಳುವ ಒಂದು ಸಣ್ಣ ಗಾಯ, ಮನೆಗೆ ಮರಳಬೇಕಾದ ಒಂದು ಕಾಲನ್ನು ಉಳಿಸಬಲ್ಲದು.