ತಂತಿ ಕೇರಿಗೆ ಬರಲಿ, ಮಾತು ಕೇರಿಯಿಂದ ಹೊರಡಲಿ

ಗೆಳೆಯರೇ, ನಮ್ಮ ನೆಲಕ್ಕೆ ಮಾತು ಯಾವಾಗಲೂ ಮ್ಯಾಲಿನಿಂದಲೇ ಇಳಿದಿದೆ. ಅಶೋಕನ ಮಾತು ಮಸ್ಕಿಯ ಬಂಡೆಗೆ ಬಂತು. ಸಣ್ಣವನೂ ಸಾಧಿಸಬಲ್ಲ ಎಂದು ಆ ಶಾಸನ ಹೇಳಿತು. ಸಣ್ಣವನು ಏನು ಹೇಳಿದ ಎಂಬುದನ್ನು ಯಾರೂ ಕೆತ್ತಲಿಲ್ಲ.

1975ರ ಆಗಸ್ಟ್‌ನಲ್ಲಿ ಮಾತು ಆಕಾಶದಿಂದ ಬಂತು. ಅಮೆರಿಕದ ಉಪಗ್ರಹವನ್ನು ಕಡ ತಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ನಾವು ಹಿಂದುಳಿದವರು, ನಮಗೆ ಕಲಿಸಬೇಕಿತ್ತು! 1976ರ ಜುಲೈ ಮುಗಿಯಿತು, ಪಾಠವೂ ನಿಂತಿತು. ನಮ್ಮವರು ಪರದೆ ನೋಡಿದರು. ನಮ್ಮವರ ಮಾತು ಕೇಳುವ ಏರ್ಪಾಡು ಅದರಲ್ಲಿ ಇರಲಿಲ್ಲ.

ಮುಂದೆ 1990ರ ದಶಕದಲ್ಲಿ ಕೇಬಲ್ ಬಂತು. 1995ರ ಕಾಯ್ದೆಯಂತೆ ಹೆಡ್ ಪೋಸ್ಟಾಫೀಸಿನಲ್ಲಿ ನೋಂದಾಯಿಸಿಕೊಂಡರೆ ಆಪರೇಟರ್ ಆಗಬಹುದಿತ್ತು. ಕಾಗದದಲ್ಲಿ ಎಲ್ಲರೂ ಸಮಾನರೇ. ಡಿಶ್ ಕೂರಿಸುವ ಮಾಳಿಗೆ ಯಾರದು? ಬಂಡವಾಳ ಯಾರದು? ಕೇಬಲ್ ದೂರ ಹೋದಷ್ಟೂ, ಕವಲೊಡೆದಷ್ಟೂ ಸಿಗ್ನಲ್ ಸೊರಗುತ್ತದೆ. ನಡುವೆ ಆಂಪ್ಲಿಫೈಯರ್ ಕೂರಿಸಿ ಬಲ ತುಂಬಬೇಕು. ತಂತಿಗೆ ಜಾತಿ ಇಲ್ಲ, ಖರೆ. ಆದರೆ ಗೌಡರ ಮಾಳಿಗೆಯಿಂದ ಹೊರಟ ತಂತಿಗೆ ಕೇರಿಯೇ ಕಟ್ಟಕಡೆ. ಅಲ್ಲಿ ಪರದೆ ತುಂಬ ಚುಕ್ಕಿ. ತಿಂಗಳ ಬಾಡಿಗೆ ಮಾತ್ರ ಪೂರ್ತಿ.

ಈಗ ಕೂದಲೆಳೆಯಂಥ ಗಾಜಿನ ತಂತಿ. 2011ರಲ್ಲಿ ಒಪ್ಪಿಗೆ ಪಡೆದ ಈ ಯೋಜನೆಗೆ ಈಗ ಭಾರತ್‌ನೆಟ್ ಎಂದು ಹೆಸರು; ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು ಗುರಿ. ಪಂಚಾಯಿತಿ ಗೋಡೆಯಿಂದ ಮುಂದೆ? ಬಾವಿ ಹತ್ತಿರ ಬಿಂದಿಗೆ ಹಿಡಿದು ಕಾದವರ ಮಕ್ಕಳು ಈಗ ತಂತಿ ಹತ್ತಿರ ಕಾಯಬೇಕೇನು?

ಈ ಗಾಜಿಗೆ ಒಂದು ಗುಣವಿದೆ. ಒಂದೇ ಎಳೆಯಲ್ಲಿ ಒಂದು ತರಂಗದ ಬೆಳಕು ಬರುತ್ತದೆ, ಇನ್ನೊಂದು ತರಂಗದ ಬೆಳಕು ಹೋಗುತ್ತದೆ. ಕೇಳುವ ದಾರಿಯೇ ಹೇಳುವ ದಾರಿ. ನಮ್ಮ ಜಗಳ ಇರುವುದು ಇಲ್ಲೇ.

"ಎಲ್ಲಾರ ಕೈಯಾಗ ಮೊಬೈಲ್ ಐತಲ್ಲ, ನಿಮಗ ಮತ್ತ ತಂತಿ ಯಾಕ?" ಅಂತಾರೆ. ಮೊಬೈಲನ್ನು ಒಬ್ಬೊಬ್ಬರೇ ನೋಡುತ್ತೇವೆ. ರೀಚಾರ್ಜ್ ತೀರಿದರೆ ಬಾಯಿ ಬಂದ್. ಹತ್ತು ಮಂದಿ ಕೂಡಿ ನೋಡಿದಾಗಲೇ "ಈ ಲೆಕ್ಕ ಸರಿ ಇಲ್ಲ" ಎಂದು ಒಬ್ಬಳಾದರೂ ಎದ್ದು ನಿಲ್ಲುವುದು.

ಸಂತೆಕಲ್ಲೂರಿನಿಂದ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. ನಮ್ಮ ಊರಾಗಲಿ, ನಿಮ್ಮ ಊರಾಗಲಿ, ಪಂಚಾಯಿತಿಯಿಂದ ಹೊರಡುವ ಮೊದಲ ಕವಲು ಕೇರಿಗೆ ಬರಲಿ. ಅಲ್ಲಿನ ಪರದೆಯ ಮೇಲೆ ಕೂಲಿ ಪಟ್ಟಿ ಕಾಣಲಿ. 2013ರ ಕಾಯ್ದೆ ನಮಗೆಂದು ತೆಗೆದಿಡಬೇಕೆಂದ ಉಪಯೋಜನೆ ದುಡ್ಡಿನ ಲೆಕ್ಕ ಕಾಣಲಿ. ಎಳೆಗೆ ಎಳೆ ಬೆಸೆಯುವ ಕೆಲಸವನ್ನು ನಮ್ಮ ಹುಡುಗ ಹುಡುಗಿಯರು ಕಲಿಯಲಿ. ತಗ್ಗು ತೋಡುವ ಕೂಲಿಯಷ್ಟೇ ನಮ್ಮ ಪಾಲಲ್ಲ. ಗ್ರಾಮಸಭೆ ನಡೆದಾಗ ಕೇರಿಯಲ್ಲಿ ಕೂತ ಅವ್ವಂದಿರ ಪ್ರಶ್ನೆ ಅದೇ ತಂತಿಯಲ್ಲಿ ಹೋಗಿ ಅಧಿಕಾರಿಯ ಮುಂದಿನ ಪರದೆಯಲ್ಲಿ ಮೂಡಲಿ.

ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಪತ್ರಿಕೆ ತೆಗೆದದ್ದು ಮೂಕರಿಗೆ ಬಾಯಿ ಬರಲೆಂದು. ಮೇಷ್ಟ್ರುಗಳೇ, ಹುಡುಗರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ತಂತಿ ಎಲ್ಲಿಗೆ ನಿಂತಿದೆ, ನಿಲ್ಲಿಸಿದವರು ಯಾರು?